ಜಾಲಿ ತೊಗಟೆ, ತೊಗಲು, ತುಕ್ಕು

ಜಾಲಿ ಕಡ್ಡಿಯಲ್ಲಿ ಹಲ್ಲುಜ್ಜಿದವರಿಗೆ ಅದರ ರುಚಿ ಗೊತ್ತಿರುತ್ತೆ. ಕಹಿ ಅಲ್ಲ, ಹುಳಿ ಅಲ್ಲ, ಒಗರು. ಬಾಯಿ ಒಣಗಿ, ಒಳಗೆಲ್ಲ ಯಾರೋ ಹಿಡಿದು ಬಿಗಿದ ಹಾಗಾಗುತ್ತೆ. ಮರದಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗಂಟು ಕಟ್ಟಿಸುತ್ತೆ, ಜೊಲ್ಲಿನ ಜಾರಿಕೆ ಹೋಗುತ್ತೆ. ಅಂದ್ರೆ ಒಗರು ಅನ್ನೋದು ನಾಲಿಗೆ ಮೇಲೆ ನಡೆಯುವ ಒಂದು ಕೆಮಿಸ್ಟ್ರಿ ಪ್ರಯೋಗ. ಇದೇ ಪ್ರಯೋಗವನ್ನು ಗುಂಡಿಯಲ್ಲಿ ವಾರಗಟ್ಟಲೆ ನಡೆಸಿದರೆ ಹಸಿ ತೊಗಲು ಚಪ್ಪಲಿಗೆ ಬರುವ ಚರ್ಮ ಆಗುತ್ತೆ.

ಮೊದಲು ಯಾವ ಜಾಲಿ ಅಂತ ಹೇಳಿಬಿಡಬೇಕು. ನಮ್ಮ ಜಿಲ್ಲೆಯ ಹೆಸರು ಹೊತ್ತಿರುವ 'ಬಳ್ಳಾರಿ ಜಾಲಿ' ನಮ್ಮದೇ ಅಲ್ಲ. ಅದು ಪ್ರೊಸೋಪಿಸ್ ಜೂಲಿಫ್ಲೋರಾ, ಅಮೆರಿಕ ಖಂಡದಿಂದ ಬಂದದ್ದು. ಹದಕ್ಕೆ ಬೇಕಾದದ್ದು ಕರಿಜಾಲಿ. ಪುಸ್ತಕಗಳಲ್ಲಿ ಅಕೇಸಿಯಾ ನಿಲೋಟಿಕಾ ಅಂತ ಇತ್ತು, ಈಗ ವಚೆಲಿಯಾ ನಿಲೋಟಿಕಾ ಅಂತ ಬದಲಾಯಿಸಿದ್ದಾರೆ. ಹಗರಿ ದಂಡೆಯ ಮೋಕದಂಥ ಎರೆಭೂಮಿಯ ಸೀಮೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಗುರುತು ಸುಲಭ: ಕರಿಜಾಲಿ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಹಾಗೆ ಬೀಜ ಬೀಜಕ್ಕೂ ಒತ್ತಿಕೊಂಡಿರುತ್ತೆ. ಬಳ್ಳಾರಿ ಜಾಲಿ ಹೂ ಉದ್ದನೆ ತೆನೆಯ ಥರ. ಬಂಡಿಯ ಚಕ್ರ, ಕುಂಟೆ ಮಾಡೋಕೂ ಕರಿಜಾಲಿ ಕಟ್ಟಿಗೆನೇ ಬೇಕಿತ್ತು.

ಟ್ಯಾನಿನ್ ಅನ್ನೋದು ಒಂದೇ ವಸ್ತು ಅಲ್ಲ, ಒಂದು ದೊಡ್ಡ ಕುಟುಂಬ. ಎಲ್ಲದರಲ್ಲೂ ಫೀನಾಲ್ ಉಂಗುರಗಳಿವೆ, ಉಂಗುರದ ಸುತ್ತ ಹೈಡ್ರಾಕ್ಸಿಲ್ ಗುಂಪುಗಳಿವೆ. ಒಂದು ಬಗೆಯಲ್ಲಿ ಗ್ಲೂಕೋಸ್ ನಡುವೆ ಕೂತು ಸುತ್ತಲೂ ಗ್ಯಾಲಿಕ್ ಆಮ್ಲ ಕಟ್ಟಿಕೊಂಡಿರುತ್ತೆ, ನೀರು ಮತ್ತು ಆಮ್ಲ ಸೇರಿದರೆ ಬಿಡಿಬಿಡಿಯಾಗುತ್ತೆ. ಜಾಲಿಕಾಯಿಯಲ್ಲಿ, ಅಳಲೆಕಾಯಿಯಲ್ಲಿ ಈ ಬಗೆ ಜಾಸ್ತಿ. ಇನ್ನೊಂದು ಬಗೆ ಕ್ಯಾಟೆಚಿನ್‌ನಂಥ ಘಟಕಗಳು ಸರಪಳಿಯಾಗಿ ಬೆಸೆದುಕೊಂಡಿರೋದು. ಜಾಲಿ ತೊಗಟೆಯಲ್ಲಿ ಹೆಚ್ಚಾಗಿ ಇರೋದು ಇದೇ. ಕ್ಯಾಟೆಚಿನ್ ಅನ್ನೋ ಹೆಸರು ಬಂದಿರೋದು ನಮ್ಮ ಎಲೆಅಡಿಕೆಯ ಕಾಚಿನಿಂದ. ಸುರಕ್ಷಾ ದೀಪ ಕಂಡುಹಿಡಿದ ಹಂಫ್ರಿ ಡೇವಿ 1803ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಚರ್ಮ ಹದ ಮಾಡುವ ಸಸ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಭಾರತದಿಂದ ಹೋದ ಕಾಚನ್ನೂ ಪರೀಕ್ಷೆ ಮಾಡಿದ್ದರು.

ತೊಗಲು ಅಂದರೆ ಮುಖ್ಯವಾಗಿ ಕೊಲಾಜೆನ್. ಮೂರು ಎಳೆ ಹೆಣೆದ ಹಗ್ಗದ ಥರದ ಪ್ರೋಟೀನ್. ಎಳೆಗಳ ನಡುವೆ ನೀರು ತುಂಬಿರುತ್ತೆ, ಹಾಗೇ ಬಿಟ್ಟರೆ ಕೊಳೆಯುತ್ತೆ, ಬರೀ ಒಣಗಿಸಿದರೆ ಹಲಗೆಯಾಗುತ್ತೆ. ಟ್ಯಾನಿನ್ ಒಳಗೆ ಹೋಗಿ ತನ್ನ ಹತ್ತಾರು ಹೈಡ್ರಾಕ್ಸಿಲ್ ಕೈಗಳಿಂದ ಎಳೆಗಳನ್ನು ಹೈಡ್ರೋಜನ್ ಬಂಧದಲ್ಲಿ ಹಿಡಿದು ನಿಲ್ಲಿಸುತ್ತೆ. ಒಂದೊಂದು ಬಂಧ ದುರ್ಬಲವೇ, ಆದರೆ ಲೆಕ್ಕ ಬಹಳ. ಒದ್ದೆಯಾದ ಹಸಿ ತೊಗಲು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಕುಗ್ಗಿ ಮುದ್ದೆಯಾದರೆ, ತೊಗಟೆಯಲ್ಲಿ ಹದವಾದದ್ದು 80ರ ಆಸುಪಾಸಿನವರೆಗೂ ತಡೆಯುತ್ತೆ.

ಈಗ ಕೆಲಸದ ಕ್ರಮ. ತೊಗಲನ್ನು ಮೊದಲು ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ಸಡಿಲ ಮಾಡಬೇಕು, ಒಳಬದಿಯ ಮಾಂಸ ಹೆರೆಯಬೇಕು, ತೊಳೆದು ಸುಣ್ಣ ತೆಗೆಯಬೇಕು. ಆಮೇಲೆ ಮೊದಲು ತೆಳು ತೊಗಟೆನೀರು, ನಿಧಾನವಾಗಿ ಗಟ್ಟಿ ನೀರು. ಮೊದಲೇ ಗಟ್ಟಿ ನೀರಿಗೆ ಹಾಕಿದರೆ ಮೇಲ್ಪದರ ಬೇಗ ಹದವಾಗಿ ಮುಚ್ಚಿಕೊಳ್ಳುತ್ತೆ, ಒಳಗೆ ಹಸಿಯೇ ಉಳಿಯುತ್ತೆ. ಮೆಕ್ಯಾನಿಕಲ್‌ನವರಿಗೆ ಕೇಸ್ ಹಾರ್ಡನಿಂಗ್ ನೆನಪಾಗಬಹುದು. ಅಲ್ಲಿ ಅದು ಬೇಕು, ಇಲ್ಲಿ ಬೇಡ. ಇದು ಡಿಫ್ಯೂಷನ್ ಲೆಕ್ಕ. ಹಳ್ಳಿಗಳಲ್ಲಿ ಇದಕ್ಕೊಂದು ಉಪಾಯ ಇತ್ತು: ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ಮತ್ತು ನೀರು ತುಂಬಿ ತೂಗುಹಾಕೋದು. ನೀರು ತನ್ನ ಭಾರಕ್ಕೆ ತಾನೇ ತೊಗಲಿನೊಳಗಿಂದ ಜಿನುಗುತ್ತೆ. ಜಿನುಗಿದ್ದನ್ನು ಹಿಡಿದು ಮತ್ತೆ ಮೇಲೆ ಹೊಯ್ಯೋದು. ಪಂಪ್ ಇಲ್ಲ, ಕರೆಂಟ್ ಇಲ್ಲ. ಹದ ಬಂತಾ ಅಂತ ನೋಡೋಕೆ ಅಂಚು ಕೊಯ್ದು ಬಣ್ಣ ನಡುವಿನವರೆಗೆ ಇಳಿದಿದೆಯಾ ನೋಡ್ತಿದ್ದರು.

ಇಷ್ಟನ್ನು ಮಾಡಿದವರು ಮಾದಿಗರು, ಸಮಗಾರರು, ಡೋಹರರು. ಅವರ ಗುಂಡಿಗಳು ಊರ ಹೊರಗೆ. ಅವರು ಮಾಡಿದ ಮಿಣಿ, ಕಪಿಲೆಯ ಬಾನಿ, ಮೆಟ್ಟು ಎಲ್ಲಾ ಊರೊಳಗೆ. ಬಾವಿಯಿಂದ ಹೊಲಕ್ಕೆ ನೀರು ಎತ್ತಿದ್ದು ಆ ತೊಗಲಿನಲ್ಲೇ, ಆದರೆ ಅದನ್ನು ಹದ ಮಾಡಿದವರು ಊರ ಬಾವಿ ಮುಟ್ಟುವ ಹಾಗಿರಲಿಲ್ಲ. 12ನೇ ಶತಮಾನದ ಶರಣ ಡೋಹರ ಕಕ್ಕಯ್ಯನವರ ಕಾಯಕವೂ ಇದೇ. ನಾವು ಡಿಫ್ಯೂಷನ್, ಪಿಎಚ್, ಕಾನ್ಸಂಟ್ರೇಷನ್ ಅಂತ ಮೂರು ಸೆಮಿಸ್ಟರ್ ಓದಿರೋದನ್ನು ಅವರು ಕೈಯಲ್ಲಿ ಬಲ್ಲವರಾಗಿದ್ದರು. ಸಿಕ್ಕ ಹೆಸರು ಮಾತ್ರ ಹೊಲಸು ಕೆಲಸ ಅಂತ. ನಮಗೆ ಇದು ಬರೀ ಇತಿಹಾಸ ಅನ್ನಿಸಲ್ಲ.

ಆಮೇಲೆ ಕ್ರೋಮ್ ಬಂತು. ಕ್ರೋಮಿಯಂ ಲವಣ ಒಂದೆರಡು ದಿನದಲ್ಲಿ ಹದ ಮುಗಿಸುತ್ತೆ, ಆ ಚರ್ಮ ಕುದಿಯುವ ನೀರನ್ನೂ ತಡೆಯುತ್ತೆ. ಈಗ ಜಗತ್ತಿನ ಬಹುಪಾಲು ಚರ್ಮ ಅದೇ. ತೊಗಟೆಯೇ ಒಳ್ಳೇದು, ಕ್ರೋಮ್ ಕೆಟ್ಟದ್ದು ಅಂತ ಹೇಳಿಬಿಡೋದು ಸುಲಭ. ಆದರೆ ತೊಗಟೆನೀರನ್ನೂ ಹಾಗೇ ಹೊಳೆಗೆ ಬಿಟ್ಟರೆ ಕಂದು ಬಣ್ಣದ, ಬೇಗ ಕೊಳೆಯದ ಆ ನೀರು ಮೀನಿಗೆ ಬೇಕಾದ ಆಕ್ಸಿಜನ್ ನುಂಗುತ್ತೆ. ತೊಗಟೆಯ ಹದ ಇವತ್ತು ಉಳಿದಿರುವ ಕಡೆ ಅದಕ್ಕೆ ಬೆಲೆ ಇದೆ: ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅದರ ಚರ್ಮಕ್ಕೆ ಜಾಲಿ ತೊಗಟೆ, ಅಳಲೆಕಾಯಿಯ ಹದ.

ಬಳ್ಳಾರಿಯವರಾಗಿ ನಮಗೆ ಹೆಚ್ಚು ಖುಷಿ ಕೊಟ್ಟದ್ದು ಟ್ಯಾನಿನ್‌ನ ಇನ್ನೊಂದು ನಂಟು, ಕಬ್ಬಿಣದ ಜೊತೆ. ಫೆರಿಕ್ ಅಯಾನು ಸಿಕ್ಕರೆ ಅದೇ ಹೈಡ್ರಾಕ್ಸಿಲ್ ಕೈಗಳು ಅದನ್ನು ಹಿಡಿದು ಕಪ್ಪಾಗುತ್ತವೆ. ಹಳೇ ಕಾಲದ ಶಾಯಿ ಇದೇ. ತುಕ್ಕಿನ ಮೇಲೆ ಬಳಿಯುವ ರಸ್ಟ್ ಕನ್ವರ್ಟರ್‌ಗಳಲ್ಲಿ ಅನೇಕವು ಮಾಡೋದೂ ಇದೇ: ಕೆಂಪು ತುಕ್ಕು ಕಪ್ಪು ಫೆರಿಕ್ ಟ್ಯಾನೇಟ್ ಪದರವಾಗಿ ಬದಲಾಗುತ್ತೆ, ಅದರ ಮೇಲೆ ಪೇಂಟ್ ಹೊಡೀಬಹುದು. ಸಡಿಲ ತುಕ್ಕನ್ನು ಮೊದಲು ಉಜ್ಜಿ ತೆಗೆಯಲೇಬೇಕು, ಇಲ್ಲಾಂದ್ರೆ ಪದರ ಸಮೇತ ಉದುರುತ್ತೆ. ಬಾಯ್ಲರ್ ನೀರಿನಲ್ಲಿ ಕರಗಿದ ಆಕ್ಸಿಜನ್ ಹೀರಲೂ ಟ್ಯಾನಿನ್ ಹಾಕ್ತಾರೆ. ಕರೋಷನ್ ಪಾಠದಲ್ಲಿ ಇದೊಂದು ಸಾಲು ಇದ್ದಿದ್ದರೆ ಚೆನ್ನಾಗಿರ್ತಿತ್ತು.

ಮಾಡಿ ನೋಡೋಕೆ ಲ್ಯಾಬ್ ಬೇಡ. ಉದುರಿದ ಕರಿಜಾಲಿ ಕಾಯಿ ಒಂದು ಹಿಡಿ ಜಜ್ಜಿ, ಸ್ಟೀಲ್ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ ಸೋಸಿ. ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆಗೆ ನೀರು ನೀಲಿಗಪ್ಪು. ಬಟ್ಟೆಗೆ ತಾಗಿದರೆ ಹೋಗಲ್ಲ. ತೊಗಟೆ ಮಾತ್ರ ಕೀಳಬೇಡಿ: ಕಾಂಡದ ಸುತ್ತ ಪೂರ್ತಿ ಸುಲಿದರೆ ಬೇರಿಗೆ ಆಹಾರ ಇಳಿಯೋದು ನಿಂತು ಮರ ಸಾಯುತ್ತೆ, ಈ ಪ್ರಯೋಗಕ್ಕೆ ಕಾಯಿಯೇ ಸಾಕು.