ಉಣುಗು ಕಚ್ಚಿದರೆ ತಪ್ಪು ಯಾರದ್ದು?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾದ ವೈರಸ್ ಕಾಯಿಲೆಯನ್ನು ಮಲೆನಾಡಿಗರು ‘ಮಂಗನ ಕಾಯಿಲೆ’ ಎಂದೇ ಕರೆಯುತ್ತಾರೆ. ಹೆಸರಿನಿಂದ ಮಂಗಕ್ಕೆ ಅನ್ಯಾಯವಾಗಿದೆ. ಅದೂ ನಮ್ಮಂತೆ ಬಲಿಪಶು. ರೋಗ ದಾಟಿಸುವುದು ಉಣುಗು. ಮಂಗ ಸತ್ತಲ್ಲಿ ಸೋಂಕಿತ ಉಣುಗುಗಳು ಉದುರುತ್ತವೆ, ಸೌದೆಗೋ ತರಗೆಲೆಗೋ ಬಂದವರ ಕಾಲಿಗೆ ಹತ್ತುತ್ತವೆ. 2015ರಲ್ಲಿ ಕೇರಳದ ವಯನಾಡಿನಲ್ಲಿ ಕಾಯಿಲೆ ಬಿದ್ದವರಲ್ಲಿ ಬಹುಪಾಲು ಆದಿವಾಸಿಗಳೇ ಆಗಿದ್ದುದಕ್ಕೆ ಕಾರಣ ಅವರ ಮೈಯಲ್ಲಿಲ್ಲ, ಅವರ ದುಡಿಮೆಯಲ್ಲಿದೆ. ಡಿಸೆಂಬರ್‌ನಿಂದ ಮೇವರೆಗೆ ಎಳೆಯ ಉಣುಗುಗಳು ಹೆಚ್ಚುತ್ತವೆ. ಕಾಡುತ್ಪನ್ನ ಸಂಗ್ರಹಕ್ಕೂ ಬೇಸಿಗೆಯೇ ಕಾಲ.

ಹಾಗಾದರೆ ಅವರನ್ನು ಕಾಡಿನಿಂದ ಹೊರಗಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ರೋಗ ಉಲ್ಬಣಿಸಿದ್ದು ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ. ಕಾಡು ಒಡೆದು, ಅಂಚು ಹೆಚ್ಚಿ, ಅಲ್ಲಿ ದನ ಮೇಯತೊಡಗಿದರೆ ಬಲಿತ ಉಣುಗಿಗೆ ರಕ್ತ ಸುಲಭವಾಗಿ ಸಿಗುತ್ತದೆ, ಸಂತತಿ ಬೆಳೆಯುತ್ತದೆ. ಕಾಡು ಒಡೆದವರನ್ನು ಬಿಟ್ಟು ಕಾಡನ್ನೇ ನಂಬಿದವರ ಅನ್ನ ಕಿತ್ತುಕೊಳ್ಳುವುದು ಯಾವ ನ್ಯಾಯ? ಲಸಿಕೆಯಿದೆಯಲ್ಲ ಎಂಬ ಸಮಾಧಾನವೂ ಸಾಲದು: ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆಯ ರಕ್ಷಣೆ ದುರ್ಬಲವೆಂದು ಕಂಡು ಅದರ ಬಳಕೆ ನಿಂತಿದೆ. ಈ ಜ್ವರಕ್ಕೆಂದೇ ಇರುವ ಔಷಧವಿಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೇ ಜೀವ ಉಳಿಸುವ ದಾರಿ. ಹಾಗಾಗಿ ಉಣುಗು ತಡೆಯುವ ತೈಲ, ರಕ್ತಪರೀಕ್ಷೆ, ಆಂಬುಲೆನ್ಸ್ ಬೇಸಿಗೆಗೆ ಮುನ್ನವೇ ಆದಿವಾಸಿ ಹಾಡಿಗಳನ್ನು ಮುಟ್ಟಬೇಕು. ಸತ್ತ ಮಂಗವನ್ನು ಮೊದಲು ಕಾಣುವವರು ಅಲ್ಲಿನವರೇ. ಅವರ ಮಾತಿಗೆ ಅಂದೇ ಓಗೊಡುವ ವ್ಯವಸ್ಥೆ ಬೇಕು.