ಬ್ಯಾಕ್‌ಹೋ ಹೊತ್ತ ಸಣ್ಣ ಟ್ರ್ಯಾಕ್ಟರ್: ಗಜನಿಯ ಕೆಸರಿನಲ್ಲಿ ಸಮತೋಲನದ ಲೆಕ್ಕ

ಅಘನಾಶಿನಿ ನದಿಯು ಸಮುದ್ರವನ್ನು ಸೇರುವ ತದಡಿಯಿಂದ ಒಳನಾಡಿನ ಕಡೆಗೆ ಮಾಣಿಕಟ್ಟೆ, ಹೆಗಡೆ, ಮಿರ್ಜಾನ್‌ಗಳವರೆಗೆ ಹಬ್ಬಿರುವ ಗಜನಿ ಭೂಮಿಯಲ್ಲಿ ಕಟ್ಟೆ ಕಟ್ಟುವ, ಹೂಳೆತ್ತುವ, ಕಾಲುವೆ ತೋಡುವ ಕೆಲಸವು ತಲೆಮಾರುಗಳಿಂದ ಗುದ್ದಲಿ-ಬುಟ್ಟಿಗಳಿಂದಲೇ ನಡೆದು ಬಂದಿತ್ತು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಬೇಸಾಯಕ್ಕಾಗಲಿ, ಸಿಗಡಿ ಕೊಳಗಳಿಗಾಗಲಿ ಇಂದು ಆಳುಗಳು ದೊರೆಯುವುದು ಕಷ್ಟವಾಗಿದೆ. ದೊಡ್ಡ ಜೆಸಿಬಿಯನ್ನು ತರೋಣವೆಂದರೆ ಏಳೆಂಟು ಟನ್ ತೂಕದ ಆ ಯಂತ್ರವು ಗಜನಿಯ ಜೇಡಿಯಲ್ಲಿ ಹೂತುಹೋಗುವ ಸಂಭವವೇ ಹೆಚ್ಚು. ಮೇಲಿನ ಅಡಿಕೆ ತೋಟಗಳಲ್ಲಿ ಗಿಡದಿಂದ ಗಿಡಕ್ಕೆ ಸಾಮಾನ್ಯವಾಗಿ 2.7 ಮೀಟರ್ ಅಂತರವಿರುವುದರಿಂದ ಅಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಈ ಎರಡು ಇಕ್ಕಟ್ಟುಗಳ ನಡುವೆ ಅವಕಾಶ ಕಂಡುಕೊಳ್ಳಬಲ್ಲದ್ದು 18ರಿಂದ 28 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸುವ ಬ್ಯಾಕ್‌ಹೋ.

1967ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ವಿಎಸ್‌ಟಿ ಸಂಸ್ಥೆಯಿಂದ ಮೊದಲ್ಗೊಂಡು ಮಹೀಂದ್ರ, ಕುಬೋಟಾ ಮುಂತಾದ ಹಲವರು ಈ ವರ್ಗದ ಟ್ರ್ಯಾಕ್ಟರುಗಳನ್ನು ಮಾರುಕಟ್ಟೆಗೆ ತಂದಿದ್ದಾರೆ. ಯಂತ್ರ ದೊರೆಯುತ್ತದೆ, ಕೆಲಸವೂ ಇದೆ. ಆದರೆ ಈ ಟ್ರ್ಯಾಕ್ಟರನ್ನು ಮೂಲತಃ ರೂಪಿಸಿದ್ದು ನೇಗಿಲು, ರೋಟವೇಟರುಗಳಿಗಾಗಿ. ತನ್ನ ಬೆನ್ನ ಹಿಂದೆ ಎರಡೂವರೆ ಮೀಟರ್ ಕೈಚಾಚಿ ಮಣ್ಣು ಬಗೆಯುವುದಕ್ಕಾಗಿ ಅಲ್ಲ. ಬ್ಯಾಕ್‌ಹೋ ಮಾರುವವರೂ, ಅದಕ್ಕೆ ಚೌಕಟ್ಟು ಮಾಡಿಕೊಡುವ ನಮ್ಮ ವರ್ಕ್‌ಶಾಪಿನವರೂ ಈ ವ್ಯತ್ಯಾಸವನ್ನು ಗ್ರಾಹಕರಿಗೆ ತಿಳಿಸಿ ಹೇಳುವುದು ವಿರಳ.

ಮುಂಗಾಲಿಯ ತೂಕ ಎಲ್ಲಿಗೆ ಹೋಯಿತು?

ಒಂದು ಲೆಕ್ಕವನ್ನು ಉದಾಹರಣೆಗೆಂದು ಮಾಡಿ ನೋಡೋಣ. ಟ್ರ್ಯಾಕ್ಟರಿನ ತೂಕ 900 ಕೆ.ಜಿ., ಅದರಲ್ಲಿ ಮುಂಗಾಲಿಗಳ ಮೇಲೆ ಬೀಳುವುದು 360 ಕೆ.ಜಿ., ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅಂತರ 1.5 ಮೀಟರ್ ಎಂದಿಟ್ಟುಕೊಳ್ಳಿ. ಇದಕ್ಕೆ 350 ಕೆ.ಜಿ.ಯ ಬ್ಯಾಕ್‌ಹೋ ಜೋಡಿಸಿದಾಗ, ಮಡಚಿದ ಸ್ಥಿತಿಯಲ್ಲಿಯೂ ಅದರ ಗುರುತ್ವ ಕೇಂದ್ರವು ಹಿಂದಿನ ಆಕ್ಸಲ್‌ನಿಂದ 0.7 ಮೀಟರ್ ಹಿಂದಕ್ಕಿದೆ ಎನ್ನೋಣ. ತಕ್ಕಡಿಯ ನ್ಯಾಯವೇ ಇಲ್ಲಿಯೂ ಅನ್ವಯಿಸುತ್ತದೆ. 350ನ್ನು 0.7ರಿಂದ ಗುಣಿಸಿ 1.5ರಿಂದ ಭಾಗಿಸಿದರೆ ಸುಮಾರು 163 ಕೆ.ಜಿ.; ಇಷ್ಟು ಭಾರವನ್ನು ಮುಂಗಾಲಿ ಕಳೆದುಕೊಳ್ಳುತ್ತದೆ. ಉಳಿಯುವುದು 197 ಕೆ.ಜಿ., ಅಂದರೆ ಒಟ್ಟು 1,250 ಕೆ.ಜಿ.ಯಲ್ಲಿ ಶೇ. 16ಕ್ಕಿಂತ ಕಡಿಮೆ. ಸ್ಟೇರಿಂಗ್ ಹಿಡಿತಕ್ಕೆ ಬರಬೇಕಾದರೆ ಕನಿಷ್ಠ ಶೇ. 20ರಷ್ಟು ಭಾರ ಮುಂಗಾಲಿಗಳ ಮೇಲಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ನಿಯಮ. ಇಂತಹ ಯಂತ್ರವು ಮಟ್ಟಸವಾದ ರಸ್ತೆಯಲ್ಲಿ ಹೇಗೋ ಸಾಗೀತು. ಗಜನಿಯಿಂದ ಕಟ್ಟೆಯ ಏರನ್ನು ಹತ್ತುವಾಗ ಮೂತಿ ಮೇಲೆತ್ತಿದರೆ ಆಶ್ಚರ್ಯಪಡಬೇಕಾಗಿಲ್ಲ.

ಪರಿಹಾರವಾಗಿ ಅನೇಕರು ಹಿಂದಿನ ಟಯರುಗಳಿಗೆ ನೀರು ತುಂಬಿಸುತ್ತಾರೆ. ಇದು ಗುರುತ್ವ ಕೇಂದ್ರವನ್ನು ತಗ್ಗಿಸುವುದು ನಿಜ. ಪಕ್ಕಕ್ಕೆ ಉರುಳುವುದನ್ನು ತಡೆಯಲು ಉಪಯುಕ್ತವೂ ಹೌದು. ಆದರೆ ಆ ನೀರಿನ ಭಾರವು ನೇರವಾಗಿ ಹಿಂದಿನ ಆಕ್ಸಲ್‌ನ ಮೇಲೆಯೇ ಕೂರುವುದರಿಂದ ಮುಂಗಾಲಿಗೆ ಒಂದು ಕಿಲೋ ಕೂಡ ಮರಳುವುದಿಲ್ಲ. ಮುಂಗಾಲಿಗೆ ಬೇಕಾದದ್ದು ಮುಂಬದಿಯ ತೂಕ. ಮೇಲಿನ ಉದಾಹರಣೆಯಲ್ಲಿ ಮುಂದಿನ ಆಕ್ಸಲ್‌ಗಿಂತ 0.6 ಮೀಟರ್ ಮುಂದೆ 50 ಕೆ.ಜಿ. ಎರಕದ ತೂಕವನ್ನು ತೂಗುಹಾಕಿದರೆ ಮುಂಗಾಲಿಗೆ 70 ಕೆ.ಜಿ. ದೊರೆತು, ಪ್ರಮಾಣವು ಶೇ. 20ನ್ನು ದಾಟುತ್ತದೆ. ಟಯರಿಗೆ ನೀರು ತುಂಬಿಸುವವರಿಗೆ ಇನ್ನೊಂದು ಮಾತು: ಎದುರಿಗೆ ಹರಿಯುತ್ತಿದೆಯೆಂದು ಹೊಳೆಯ ಉಪ್ಪುನೀರನ್ನು ತುಂಬಿಸಿದರೆ ರಿಮ್ಮು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬಾವಿಯ ಸಿಹಿನೀರನ್ನೇ ಬಳಸತಕ್ಕದ್ದು.

ಪಕ್ಕಕ್ಕೆ ಉರುಳುವ ಅಪಾಯ

ಟ್ರ್ಯಾಕ್ಟರಿಗೆ ನಾಲ್ಕು ಗಾಲಿಗಳಿದ್ದರೂ ಅದು ನಿಂತಿರುವುದು ಮೂರು ಬಿಂದುಗಳ ಮೇಲೆ. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಅತ್ತಿತ್ತ ತೂಗುವುದರಿಂದ, ಅದು ತಡೆಗೆ ತಾಗುವವರೆಗೆ ಮುಂಗಾಲಿಗಳು ಉರುಳುವುದನ್ನು ತಡೆಯುವುದಿಲ್ಲ. ಹಿಂದಿನ ಎರಡು ಗಾಲಿಗಳು ಮತ್ತು ಈ ಪಿನ್ನು ಸೇರಿ ಆಗುವ ತ್ರಿಕೋನದೊಳಗೆ ಒಟ್ಟು ಭಾರದ ಕೇಂದ್ರವಿರುವ ತನಕ ಮಾತ್ರ ಯಂತ್ರ ಕ್ಷೇಮ. 30 ಲೀಟರಿನ ಬಕೆಟ್ಟಿನಲ್ಲಿ ಒದ್ದೆ ಮಣ್ಣು 50 ಕೆ.ಜಿ. ದಾಟುತ್ತದೆ. ಅದಕ್ಕೆ ಕಬ್ಬಿಣದ ಕೈಯ ಸ್ವಂತ ತೂಕವೂ ಸೇರಿ, ಇಡೀ ಭಾರವನ್ನು ಪೂರ್ತಿ ಚಾಚಿ ಪಕ್ಕಕ್ಕೆ ತಿರುಗಿಸಿದಾಗ ಆ ಕೇಂದ್ರವು ತ್ರಿಕೋನದ ಅಂಚಿಗೆ ಸರಿಯುತ್ತದೆ. ಚಾಲಕರು ಜಾಕ್ ಎಂದು ಕರೆಯುವ ಎರಡು ಆಧಾರ ಕಾಲುಗಳ ಕೆಲಸವೇ ಈ ಅಡಿಪಾಯವನ್ನು ಅಗಲಗೊಳಿಸುವುದು. ಅವಸರದಲ್ಲಿ ಜಾಕ್ ಇಳಿಸದೆ ಒಂದೆರಡು ಬಕೆಟ್ ಬಗೆಯುವ ಅಭ್ಯಾಸವು ಖಂಡಿತ ಕೂಡದು. ಮಣ್ಣು ಸುರಿಯಲು ಇಳಿಜಾರಿನ ಏರುಬದಿಗೇ ತಿರುಗಿಸಬೇಕು. ತಗ್ಗಿನ ಬದಿಗೆ ತಿರುಗಿಸುವುದು ಅನಿವಾರ್ಯವಾದರೆ ಕೈಯನ್ನು ಮಡಚಿ, ನೆಲದ ಸಮೀಪ, ನಿಧಾನವಾಗಿ.

ಜಾಕ್ ಇಳಿಸಿದ ಮಾತ್ರಕ್ಕೆ ನಮ್ಮ ಕರಾವಳಿಯಲ್ಲಿ ಕೆಲಸ ಮುಗಿಯಲಿಲ್ಲ. ಚಿರೇಕಲ್ಲಿನ ಗುಡ್ಡದ ಮೇಲೆ ಅದು ಗಟ್ಟಿಯಾಗಿ ನಿಂತೀತು, ಗಜನಿಯಲ್ಲಿ ಹಾಗಲ್ಲ. ಒಂದು ಜಾಕಿನ ಮೇಲೆ 500 ಕೆ.ಜಿ. ಬಿದ್ದು ಅದರ ಪಾದವು 15ಕ್ಕೆ 20 ಸೆಂಟಿಮೀಟರ್ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 1.6 ಕೆ.ಜಿ.ಗೂ ಮಿಗಿಲಾದ ಒತ್ತಡವಾಗುತ್ತದೆ. ಕೆಳಗೆ 50 ಸೆಂಟಿಮೀಟರ್ ಚೌಕದ ದಪ್ಪ ಹಲಗೆಯಿಟ್ಟರೆ ಅದೇ ಒತ್ತಡ 0.2ಕ್ಕೆ ಇಳಿಯುತ್ತದೆ. ಎರಡು ಹಲಗೆಗಳಿಗೆ ತಗಲುವ ವೆಚ್ಚ ಅತ್ಯಲ್ಪ, ಆದರೂ ಬಾಡಿಗೆ ಯಂತ್ರದೊಂದಿಗೆ ಹಲಗೆ ಬರುವುದು ಅಪರೂಪ! ಒಂದು ಕಾಲು ಮಾತ್ರ ಕುಸಿದರೂ ಯಂತ್ರ ಓರೆಯಾಗಿ ಉರುಳುವ ಹಾದಿ ಹಿಡಿಯುತ್ತದೆ. ತೋಡಿದ ಕಾಲುವೆಯ ಅಂಚಿಗೆ ಜಾಕ್ ತೀರ ಹತ್ತಿರವಿರುವುದೂ ಅಷ್ಟೇ ಅಪಾಯಕರ.

ಚೌಕಟ್ಟು ತಯಾರಕರ ಗಮನಕ್ಕೆ

ಬ್ಯಾಕ್‌ಹೋವನ್ನು ನೇಗಿಲಿನಂತೆ ಮೂರು ತೋಳುಗಳ ಜೋಡಣೆಗೆ ಸಿಕ್ಕಿಸಿ ಕಳುಹಿಸುವುದು ಅಗ್ಗದ ಮಾರ್ಗ. ಅದರ ದೋಷವೆಂದರೆ ಆ ಕೆಳತೋಳುಗಳು ಮೇಲೆತ್ತಬಲ್ಲವೇ ಹೊರತು ಕೆಳಕ್ಕೆ ಬಿಗಿಹಿಡಿಯಲಾರವು. ಬಕೆಟ್ ಗಟ್ಟಿ ನೆಲವನ್ನು ಒತ್ತಿದಾಗ ಇಡೀ ಉಪಕರಣವೇ ಮೇಲೆದ್ದು ಮುಂದಕ್ಕೆ ಮಗುಚುತ್ತದೆ. ಚಾಲಕನು ಕುಳಿತಿರುವುದು ಅಲ್ಲಿಯೇ. ಟ್ರ್ಯಾಕ್ಟರಿನ ಹೊಟ್ಟೆಯಡಿಯಿಂದ ಮುಂಭಾಗದವರೆಗೆ ಹಾಯುವ ಸಬ್‌ಫ್ರೇಮ್‌ಗೆ ಬ್ಯಾಕ್‌ಹೋವನ್ನು ಬಿಗಿಯುವುದೇ ಸರಿಯಾದ ಕ್ರಮ. ಅಗೆತದ ಎಳೆತವು ಆಗ ಗೇರ್‌ಬಾಕ್ಸಿನ ಮೇಲೆ ಬೀಳದೆ ಚೌಕಟ್ಟಿನಲ್ಲಿ ಹಂಚಿಹೋಗುತ್ತದೆ. ಸಬ್‌ಫ್ರೇಮನ್ನು ಟ್ರ್ಯಾಕ್ಟರ್ ತಯಾರಕರು ಕೊಟ್ಟಿರುವ ಬೋಲ್ಟಿನ ರಂಧ್ರಗಳಲ್ಲಿಯೇ 8.8 ದರ್ಜೆಗೆ ಕಡಿಮೆಯಿಲ್ಲದ ಬೋಲ್ಟುಗಳಿಂದ ಬಿಗಿಯಬೇಕೇ ವಿನಾ, ಎರಕದ ಕಬ್ಬಿಣದ ಗೇರ್‌ಬಾಕ್ಸಿಗೆ ವೆಲ್ಡಿಂಗ್ ಮಾಡಬಾರದು; ಬೆಸುಗೆಯ ಪಕ್ಕದಲ್ಲೇ ಎರಕ ಬಿರುಕುಬಿಡುತ್ತದೆ. ಉಪ್ಪುಗಾಳಿಯ ಈ ಊರುಗಳಲ್ಲಿ ಪಿನ್ನುಗಳಿಗೆ ಗ್ರೀಸ್ ಹಾಕುವ ಅವಧಿಯನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾಡುವುದು ಒಳಿತು.

ಕಾನೂನಿನ ದೃಷ್ಟಿಯಿಂದಲೂ ಇದು ಗಂಭೀರ ವಿಷಯ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಯನ್ನು ತಯಾರಕರಿಗಷ್ಟೇ ಸೀಮಿತಗೊಳಿಸಿಲ್ಲ. ಉತ್ಪನ್ನವನ್ನು ಮಾರ್ಪಡಿಸಿ ಮಾರಿದವರ ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾಗಿದ್ದರೆ ಅವರೂ ಹೊಣೆಗಾರರಾಗುತ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲವೆಂಬ ನೆವವೂ ಇಲ್ಲಿ ಎಲ್ಲ ಸಂದರ್ಭದಲ್ಲಿ ನಿಲ್ಲದು; ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆಂದು ಕೊಂಡವನನ್ನು ಕಾಯ್ದೆಯು ಗ್ರಾಹಕನೆಂದೇ ಪರಿಗಣಿಸುತ್ತದೆ. ಒಂದೇ ಟ್ರ್ಯಾಕ್ಟರನ್ನು ತಾನೇ ಓಡಿಸುವ ಬಾಡಿಗೆದಾರನು ಈ ವರ್ಗಕ್ಕೆ ಸೇರುವ ಸಾಧ್ಯತೆಯಿದೆ. ಕೃಷಿ ಬಳಕೆಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬಾಡಿಗೆ ಅಗೆತಕ್ಕೆ ಇಳಿಸುವ ಮುನ್ನ ವಿಮಾ ಕರಾರನ್ನು ಒಮ್ಮೆ ಓದಿಕೊಳ್ಳುವುದು ಮಾಲೀಕರಿಗೆ ಕ್ಷೇಮಕರ. ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಇವೆ. ಆದ್ದರಿಂದ ಅಲ್ಲಿ ಅಗೆತದ ಗುತ್ತಿಗೆ ಒಪ್ಪುವ ಮೊದಲು ಅನುಮತಿ ಪತ್ರವನ್ನು ಕಣ್ಣಾರೆ ನೋಡತಕ್ಕದ್ದು.

ಸಂಚಾರದ ವೇಳೆ ಬೂಮನ್ನು ಮಡಚಿ ಪಿನ್ನು ಹಾಕಿ, ತಗ್ಗಿನ ಗೇರಿನಲ್ಲಿಯೇ ಸಾಗಬೇಕು. ಉರುಳಿದರೆ ಚಾಲಕನನ್ನು ಕಾಯುವ ಕಮಾನು ಇರುವ ಟ್ರ್ಯಾಕ್ಟರಿನಲ್ಲಿ ಸೀಟ್ ಬೆಲ್ಟ್ ಕಡ್ಡಾಯ. ಬೆಲ್ಟ್ ಇಲ್ಲದೆ ಕಮಾನು ಇದ್ದೂ ಪ್ರಯೋಜನವಿಲ್ಲ. ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿ ಮುಮ್ಮುಖವಾಗಿ ಇಳಿಯಬೇಕು, ಏಕೆಂದರೆ ಭಾರವಾದ ತುದಿ ಯಾವಾಗಲೂ ಮೇಲ್ಬದಿಗಿರಬೇಕು. ಗಜನಿಯೊಳಗೆ ಇಳಿಯುವವರು ಅಂದಿನ ಉಬ್ಬರ-ಇಳಿತದ ವೇಳೆಯನ್ನು ತದಡಿ ಧಕ್ಕೆಯ ಮೀನುಗಾರರಲ್ಲಿ ವಿಚಾರಿಸಿಯೇ ಹೊರಡಬೇಕು. ನೀರು ಏರತೊಡಗಿದರೆ ಹಲಗೆಯ ಕೆಳಗಿನ ಜೇಡಿ ಮೊದಲು ಸಡಿಲಗೊಳ್ಳುತ್ತದೆ. ಅದು ಚಾಲಕನ ಆಸನದಿಂದ ಕಾಣುವುದಿಲ್ಲ.