ಮತ್ತೆ ಬಾರದವರ ಸೊಂಟನೋವು

ಲಂಡನ್ನಿನ ಆಗ್ನೇಯ ಅಂಚಿನ ಬೆಕೆನ್‌ಹ್ಯಾಮ್‌ನಲ್ಲಿ ಜಾನ್ ಫ್ರೈ ಎಂಬ ಸಾಮಾನ್ಯ ವೈದ್ಯರಿದ್ದರು. ತಮ್ಮ ಕ್ಲಿನಿಕ್ಕಿಗೆ ಬಂದವರ ಕಾಯಿಲೆಗಳನ್ನು ವರ್ಷಗಟ್ಟಲೆ ಬಿಡದೆ ಬರೆದಿಟ್ಟವರು. ಶೀತ, ಕೆಮ್ಮು, ಸೊಂಟನೋವುಗಳಂಥ ದಿನನಿತ್ಯದ ತಾಪತ್ರಯಗಳೂ ಅಧ್ಯಯನಕ್ಕೆ ಅರ್ಹ ಎಂದು ನಂಬಿದ್ದ ಅವರ ಶಿಸ್ತಿನ ಬಗ್ಗೆ ನನಗೆ ತುಂಬು ಗೌರವವಿದೆ. 1966ರಲ್ಲಿ ಅವರು ಮತ್ತಿಬ್ಬರೊಡನೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸೊಂಟನೋವಿನ ಕುರಿತು ಮೂರು ಪುಟಗಳ ಲೇಖನ ಬರೆದರು. ಹೊಸದಾಗಿ ಸೊಂಟ ಹಿಡಿದುಕೊಂಡು ಬಂದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ನೋವು ನಾಲ್ಕು ವಾರದೊಳಗೆ ಮುಗಿದಿತ್ತು ಎಂದು ಆ ಲೇಖನ ಹೇಳಿತು.

ಆ 90 ಎಂಬ ಅಂಕಿ ಅಲ್ಲಿಂದ ಹೊರಟು ಪಠ್ಯಪುಸ್ತಕ ಸೇರಿತು, ವೈದ್ಯಕೀಯ ವಿದ್ಯಾರ್ಥಿಗಳ ಬಾಯಿಪಾಠವಾಯಿತು. ಸೊಂಟನೋವು ತಾನಾಗಿಯೇ ಹೋಗುತ್ತದೆ, ಮಾತ್ರೆ ಕೊಟ್ಟು ಕಳಿಸಿದರೆ ಸಾಕು ಎಂಬ ನಂಬಿಕೆಗೆ ಅದೇ ಆಧಾರ. ಆದರೆ ನೋವು ಮುಗಿಯಿತೆಂದು ತೀರ್ಮಾನಿಸಿದ್ದು ಹೇಗೆ? ರೋಗಿ ಮೊದಲ ಸಲ ಬಂದ ದಿನಕ್ಕೂ ಕೊನೆಯ ಸಲ ಬಂದ ದಿನಕ್ಕೂ ನಡುವಿನ ಅಂತರವನ್ನೇ ನೋವಿನ ಅವಧಿ ಎಂದು ಲೆಕ್ಕ ಹಿಡಿಯಲಾಗಿತ್ತು. ಬರುವುದನ್ನು ನಿಲ್ಲಿಸಿದವರು ಗುಣವಾದವರ ಪಟ್ಟಿಗೆ ಸೇರಿಹೋಗಿದ್ದರು.

ಇದನ್ನು ಯಾರಾದರೂ ಹೋಗಿ ಪರೀಕ್ಷಿಸುವುದಕ್ಕೆ ಮೂವತ್ತೆರಡು ವರ್ಷ ಬೇಕಾಯಿತು. ಪೀಟರ್ ಕ್ರಾಫ್ಟ್ ಮತ್ತು ಅವರ ಸಂಗಡಿಗರು ದಕ್ಷಿಣ ಮ್ಯಾಂಚೆಸ್ಟರಿನ ಎರಡು ಕ್ಲಿನಿಕ್ಕುಗಳಲ್ಲಿ ಸೊಂಟನೋವಿಗೆಂದು ವೈದ್ಯರನ್ನು ಕಂಡವರ ಬೆನ್ನು ಹತ್ತಿದರು. ಅವರಲ್ಲಿ ನೂರಕ್ಕೆ 59 ಮಂದಿ ಒಂದೇ ಒಂದು ಸಲ ಬಂದವರು. ಇನ್ನು 32 ಮಂದಿ ಮೂರು ತಿಂಗಳೊಳಗೆ ಬಂದು ಹೋಗಿ ನಿಲ್ಲಿಸಿದವರು. ಇಲ್ಲಿಯವರೆಗೆ ಹಳೆಯ ಲೆಕ್ಕ ಸರಿಯಾಗಿಯೇ ಕೂಡಿತು. ಆಮೇಲೆ ಅವರನ್ನೇ ಮಾತನಾಡಿಸಿದರು. ಒಂದು ವರ್ಷದ ಹೊತ್ತಿಗೂ ನೋವಿನಿಂದ, ಅದು ತಂದ ಅಡಚಣೆಯಿಂದ ಪೂರ್ತಿ ಬಿಡುಗಡೆ ಪಡೆದವರು ನೂರಕ್ಕೆ 25 ಮಂದಿ ಮಾತ್ರ. ಉಳಿದವರು ನೋವಿಟ್ಟುಕೊಂಡೇ ಮನೆಯಲ್ಲಿದ್ದರು, ಕೆಲಸಕ್ಕೆ ಹೋಗುತ್ತಿದ್ದರು, ವೈದ್ಯರ ಬಳಿಗೆ ಮಾತ್ರ ಬರುತ್ತಿರಲಿಲ್ಲ. 1998ರಲ್ಲಿ, ಫ್ರೈ ಬರೆದ ಅದೇ ಪತ್ರಿಕೆಯಲ್ಲಿ ಇದು ಅಚ್ಚಾಯಿತು.

ಇಂದು ಸೊಂಟನೋವಿನ ಚಿಕಿತ್ಸೆಯನ್ನು ಆಳು ನೋಡಿ ಹೊಂದಿಸಬೇಕು ಎಂದು ಹೇಳುವಾಗಲೆಲ್ಲ ನನಗೆ ಈ ಮ್ಯಾಂಚೆಸ್ಟರ್ ಪ್ರಸಂಗ ನೆನಪಾಗುತ್ತದೆ. ನಾಲ್ವರಲ್ಲಿ ಒಬ್ಬರು ಗುಣವಾಗಿ ಮೂವರು ಆಗದಿದ್ದರೆ, ಆ ಮೂವರಲ್ಲಿ ಯಾರು ಮುಂದೆ ಹಾಸಿಗೆ ಹಿಡಿಯುತ್ತಾರೆ, ಯಾರು ಹೇಗೋ ನಿಭಾಯಿಸುತ್ತಾರೆ ಎಂಬುದನ್ನು ಮೊದಲ ಭೇಟಿಯಲ್ಲೇ ಊಹಿಸಲು ಸಾಧ್ಯವೇ? ಕ್ರಾಫ್ಟ್ ಕಟ್ಟಿದ ಕೀಲ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಕೀಲ್ ಇರುವುದು ಸ್ಟಾಫರ್ಡ್‌ಷೈರ್‌ನಲ್ಲಿ. ಕಲ್ಲಿದ್ದಲ ಗಣಿಗೂ ಪಿಂಗಾಣಿ ಪಾತ್ರೆಗಳಿಗೂ ಹೆಸರಾದ, ದುಡಿದು ಸವೆದ ಸೊಂಟಗಳ ಸೀಮೆ ಅದು.

ಕೀಲ್‌ಗೆ ಬರುವ ದಾರಿ ಗ್ಲಾಸ್ಗೋ ಮೂಲಕ ಹಾದಿದೆ. ಅಲ್ಲಿ ಗಾರ್ಡನ್ ವಾಡೆಲ್ ಎಂಬ ಮೂಳೆ ಶಸ್ತ್ರಚಿಕಿತ್ಸಕರಿದ್ದರು. ಶಸ್ತ್ರಚಿಕಿತ್ಸೆ ಮಾಡಿಯೂ ಗುಣವಾಗದ ಸೊಂಟಗಳನ್ನು ನೋಡಿ ನೋಡಿ, ನೋವಿನ ಅರ್ಧ ಕಥೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬ ನಿಲುವಿಗೆ ಬಂದವರು. 1980ರಲ್ಲಿ ಅವರೂ ಸಹೋದ್ಯೋಗಿಗಳೂ ಕೆಲವು ಸರಳ ಪರೀಕ್ಷೆಗಳನ್ನು ಪ್ರಕಟಿಸಿದರು. ನೆತ್ತಿಯ ಮೇಲೆ ಮೆಲ್ಲಗೆ ಒತ್ತಿದರೂ ಸೊಂಟ ನೋಯುತ್ತದೆಯೇ, ಚರ್ಮ ಮುಟ್ಟಿದರೆ ಸಾಕು ನೋವೆನ್ನುತ್ತಾರೆಯೇ, ಇಂಥವು. ಇವು ಕಂಡರೆ ಆ ವ್ಯಕ್ತಿಯ ಸಂಕಟವನ್ನು ಇನ್ನಷ್ಟು ವಿಚಾರಿಸಿ, ಅವಸರದಲ್ಲಿ ಚಾಕು ಎತ್ತಬೇಡಿ ಎಂಬುದು ಅವರ ಉದ್ದೇಶ. ಆಗಿದ್ದು ಉಲ್ಟಾ. ಪರಿಹಾರದ ಮೊಕದ್ದಮೆಗಳಲ್ಲಿ ಈ ಪರೀಕ್ಷೆಗಳನ್ನೇ ಮುಂದಿಟ್ಟುಕೊಂಡು, ಇವರದು ನೋವಲ್ಲ, ನಾಟಕ ಎಂದು ವಾದಿಸುವುದು ಶುರುವಾಯಿತು. ಮನುಷ್ಯನನ್ನು ಅರಿಯಲೆಂದು ಮಾಡಿದ ಉಪಕರಣ ಅವನನ್ನೇ ಸುಳ್ಳುಗಾರನನ್ನಾಗಿಸಲು ಬಳಕೆಯಾಗಿದ್ದು ಈ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುವ ಸಂಗತಿ. 1998ರಲ್ಲಿ ವಾಡೆಲ್ ಮತ್ತು ಕ್ರಿಸ್ ಮೇನ್ ಮತ್ತೆ ಲೇಖನ ಬರೆದು, ಈ ಚಿಹ್ನೆಗಳು ಕಳ್ಳನೋವಿನ ಪುರಾವೆ ಅಲ್ಲವೇ ಅಲ್ಲ ಎಂದು ತಿದ್ದಬೇಕಾಯಿತು.

ಈ ಕ್ರಿಸ್ ಮೇನ್ ಮನಶ್ಶಾಸ್ತ್ರಜ್ಞ. ಇಡೀ ಕಥೆಯ ತುಂಬ ಅವರ ಹೆಸರು ಹಾದುಹೋಗುತ್ತದೆ, ಆದರೂ ಯಾವ ಶೀರ್ಷಿಕೆಯಲ್ಲೂ ದೊಡ್ಡದಾಗಿ ಕಾಣುವುದಿಲ್ಲ. ಬಗ್ಗಿದರೆ ಇನ್ನಷ್ಟು ಹಾಳಾದೀತು ಎಂಬ ಭಯವೇ ಮನುಷ್ಯನನ್ನು ನೋವಿಗಿಂತ ಹೆಚ್ಚು ಕಟ್ಟಿಹಾಕುತ್ತದೆ ಎಂದು ತೋರಿಸಿದ 1993ರ ಅಧ್ಯಯನದಲ್ಲಿ ವಾಡೆಲ್ ಜೊತೆ ಅವರಿದ್ದರು. 1997ರಲ್ಲಿ ನ್ಯೂಜಿಲೆಂಡ್ ತನ್ನ ವೈದ್ಯರಿಗಾಗಿ ಹೊರತಂದ ಕೈಪಿಡಿ, ಭಯ, ನಿರಾಶೆ, ಕೆಲಸದ ಮೇಲಿನ ಬೇಸರದಂಥ ಸೂಚನೆಗಳಿಗೆ ‘ಹಳದಿ ಬಾವುಟ’ ಎಂದು ಹೆಸರಿಟ್ಟಿತು. ಅದರ ಲೇಖಕರಲ್ಲೂ ಮೇನ್ ಒಬ್ಬರು. ಕೊನೆಗೆ ಅವರು ಬಂದು ಸೇರಿದ್ದು ಕೀಲ್‌ನ ತಂಡವನ್ನು.

ಅಷ್ಟರಲ್ಲಿ ಹಳೆಯ ಚಿಕಿತ್ಸೆಯ ಬುಡವೂ ಅಲುಗಿತ್ತು. ಅಮೆರಿಕದಲ್ಲಿ ರಿಚರ್ಡ್ ಡೇಯೊ 1986ರಲ್ಲಿ, ಏಳು ದಿನ ಮಲಗಿದ್ದಕ್ಕಿಂತ ಎರಡೇ ದಿನ ಮಲಗಿ ಎದ್ದವರು ಯಾವುದರಲ್ಲೂ ಹಿಂದೆ ಬೀಳಲಿಲ್ಲ, ಕೆಲಸ ತಪ್ಪಿಸಿಕೊಂಡದ್ದೂ ಕಡಿಮೆ ಎಂದು ತೋರಿಸಿದ್ದರು. 1995ರಲ್ಲಿ ಹೆಲ್ಸಿಂಕಿಯ 186 ನಗರಸಭಾ ನೌಕರರ ಮೇಲೆ ನಡೆದ ಪ್ರಯೋಗದಲ್ಲಿ, ಸಹಿಸುವಷ್ಟು ಮಟ್ಟಿಗೆ ಎಂದಿನ ಕೆಲಸ ಮಾಡಿಕೊಂಡವರೇ ಮಲಗಿದವರಿಗಿಂತ, ವ್ಯಾಯಾಮಕ್ಕೆ ಹಚ್ಚಿದವರಿಗಿಂತ ಬೇಗ ಸುಧಾರಿಸಿದರು.

ಕೀಲ್‌ನಲ್ಲಿ ಫಿಸಿಯೋಥೆರಪಿಸ್ಟ್ ಜೊನಾಥನ್ ಹಿಲ್ ಮತ್ತು ಸಂಗಡಿಗರು 2008ರಲ್ಲಿ ಒಂದು ಹಾಳೆ ಪ್ರಕಟಿಸಿದರು. ಹೆಸರು ‘ಸ್ಟಾರ್ಟ್ ಬ್ಯಾಕ್’, ಇದ್ದದ್ದು ಒಂಬತ್ತೇ ಪ್ರಶ್ನೆ. ನೋವು ಕಾಲಿಗೆ ಇಳಿದಿದೆಯೇ, ಕುತ್ತಿಗೆ ಭುಜಕ್ಕೂ ಹಬ್ಬಿದೆಯೇ, ನಡೆಯುವುದು ಕಡಿಮೆಯಾಗಿದೆಯೇ, ಬಟ್ಟೆ ಹಾಕಿಕೊಳ್ಳಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆಯೇ? ಇವು ನಾಲ್ಕು ಮೈಯದು. ಉಳಿದ ಐದು, ಮೈ ಅಲುಗಿಸಲು ಭಯವೇ, ಚಿಂತೆ ಕಾಡುತ್ತದೆಯೇ, ಇದು ವಾಸಿಯಾಗುವುದೇ ಇಲ್ಲ ಅನ್ನಿಸುತ್ತದೆಯೇ, ಮೊದಲು ಖುಷಿ ಕೊಟ್ಟದ್ದು ಈಗಲೂ ಕೊಡುತ್ತದೆಯೇ, ಒಟ್ಟಿನಲ್ಲಿ ಈ ನೋವು ಎಷ್ಟು ಕಾಡಿದೆ ಎಂದು ಕೇಳುತ್ತವೆ. ಮೂರರವರೆಗೆ ಅಂಕ ಬಂದವರಿಗೆ ಅಪಾಯ ಕಡಿಮೆ. ಅದಕ್ಕಿಂತ ಹೆಚ್ಚು ಬಂದು, ಕೊನೆಯ ಐದರಲ್ಲೇ ನಾಲ್ಕು ಅಥವಾ ಐದು ಇದ್ದರೆ ಅಪಾಯ ಹೆಚ್ಚು. ನಡುವಿನವರು ಮಧ್ಯಮ.

ಮೂವರಿಗೂ ಮೂರು ಹಾದಿ. ಅಪಾಯ ಕಡಿಮೆ ಇದ್ದವರಿಗೆ ಫಿಸಿಯೋಥೆರಪಿಸ್ಟ್ ಜೊತೆ ಅರ್ಧ ಗಂಟೆಯ ಒಂದೇ ಭೇಟಿ, ಚೆನ್ನಾಗಿ ಪರೀಕ್ಷೆ, ಧೈರ್ಯದ ಮಾತು. ಮಧ್ಯಮದವರಿಗೆ ಫಿಸಿಯೋಥೆರಪಿ. ಹೆಚ್ಚಿನವರಿಗೆ, ವ್ಯಾಯಾಮದ ಜೊತೆ ಭಯವನ್ನೂ ಹತಾಶೆಯನ್ನೂ ವಿಚಾರಿಸಿಕೊಳ್ಳಲು ವಿಶೇಷ ತರಬೇತಿ ಪಡೆದವರ ಆರೈಕೆ. ಆ ತರಬೇತಿಯ ಹಿಂದೆಯೂ ಮೇನ್ ಇದ್ದರು. ಇಂಗ್ಲೆಂಡಿನ ಹತ್ತು ಕ್ಲಿನಿಕ್ಕುಗಳ 851 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 24 ಅಂಕಗಳ ಅಳತೆಪಟ್ಟಿಯಲ್ಲಿ ನಾಲ್ಕು ತಿಂಗಳಿಗೆ ಹೊಂದಿಸಿದ ಚಿಕಿತ್ಸೆಯ ಗುಂಪು 4.7 ಅಂಕ ಸುಧಾರಿಸಿತು, ಎಂದಿನ ಚಿಕಿತ್ಸೆಯ ಗುಂಪು 3.0. ವರ್ಷದ ಕೊನೆಗೆ 4.3 ಮತ್ತು 3.3. ಅಂತರ ದೊಡ್ಡದಲ್ಲ, ಆದರೆ ಖರ್ಚು ತಲೆಗೆ 34 ಪೌಂಡ್ ಕಡಿಮೆಯಾಯಿತು. ಒಂದೇ ಭೇಟಿಯಲ್ಲಿ ಮುಗಿಸಿಕೊಂಡ ಕಡಿಮೆ ಅಪಾಯದವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. 2016ರ ಬ್ರಿಟನ್ನಿನ ಮಾರ್ಗಸೂಚಿ ಈ ಹಾಳೆಯನ್ನು ಉದಾಹರಿಸಿತು.

ಆಮೇಲೆ ಹಾಳೆ ಅಟ್ಲಾಂಟಿಕ್ ದಾಟಿತು. ವಾಷಿಂಗ್ಟನ್ ರಾಜ್ಯದ ಕ್ಲಿನಿಕ್ಕುಗಳಲ್ಲಿ ನಡೆದ ಪ್ರಯೋಗ 2018ರಲ್ಲೂ, ಪಿಟ್ಸ್‌ಬರ್ಗ್ ಮೊದಲಾದ ನಗರಗಳದ್ದು 2021ರಲ್ಲೂ ವರದಿಯಾದವು. ಎರಡರಲ್ಲೂ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ. ಹಾಗಾದರೆ ಹೊಂದಿಸಿದ ಚಿಕಿತ್ಸೆಯೇ ಪೊಳ್ಳು ಎಂದು ಹಲವರು ಬರೆದರು. ನಾನು ಒಪ್ಪುವುದಿಲ್ಲ. ವಾಷಿಂಗ್ಟನ್ನಿನ ವರದಿಯನ್ನೇ ಓದಿ: ಅಂಕ ಎಣಿಸಿದ ಮೇಲೂ ರೋಗಿಗಳಿಗೆ ಸಿಕ್ಕ ಚಿಕಿತ್ಸೆ ಹೆಚ್ಚುಕಡಿಮೆ ಮೊದಲಿನದೇ ಆಗಿತ್ತು. ಪ್ರಶ್ನೆ ಕೇಳಿದರು, ಉತ್ತರ ಕಂಪ್ಯೂಟರಿಗೆ ಹೋಯಿತು, ಎದುರಿಗಿದ್ದ ಮನುಷ್ಯ ಹಳೆಯ ಚೀಟಿಯನ್ನೇ ಹಿಡಿದು ಮನೆಗೆ ಹೋದ. ಹೊಲಿಗೆಯವನು ಅಳತೆ ತೆಗೆದುಕೊಂಡು ಅಂಗಡಿಯ ಸಿದ್ಧ ಉಡುಪನ್ನೇ ಕೊಟ್ಟಂತಾಯಿತು.

ನಮ್ಮಲ್ಲಿ ಅಳತೆಯನ್ನೂ ತೆಗೆಯುವುದಿಲ್ಲ. ನಾಟಿ ಹಾಕುವ ಹೆಂಗಸು ಸೊಂಟ ಹಿಡಿದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೆ ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ, ಬಗ್ಗಬೇಡಮ್ಮಾ ಎಂಬ ಮಾತು. ಬಗ್ಗಿದರೇ ಅವಳಿಗೆ ಕೂಲಿ. ಪಟ್ಟಣದಲ್ಲಾದರೆ ನೇರ ಎಂಆರ್‌ಐ, ಡಿಸ್ಕ್ ಉಬ್ಬಿದೆ ಎಂಬ ವರದಿ, ಜೀವಮಾನದ ಭಯ. ಸೊಂಟನೋವೇ ಇಲ್ಲದ 98 ಮಂದಿಯನ್ನು ಎಂಆರ್‌ಐಗೆ ಒಳಪಡಿಸಿದಾಗ ನೂರಕ್ಕೆ 52 ಜನರಲ್ಲಿ ಡಿಸ್ಕ್ ಉಬ್ಬಿದ್ದು ಕಂಡಿತ್ತೆಂದು 1994ರಲ್ಲೇ ಪ್ರಕಟವಾಗಿದೆ. ವರದಿ ಕೈಗಿಡುವಾಗ ಅದನ್ನು ಹೇಳುವವರು ಅಪರೂಪ. ಒಂಬತ್ತು ಪ್ರಶ್ನೆ ಕೇಳಲು ಆಶಾ ಕಾರ್ಯಕರ್ತೆಗೂ ಕಲಿಸಬಹುದು. ಆದರೆ ಭಯವಿದೆ ಎಂದು ಉತ್ತರಿಸಿದವಳನ್ನು ಕೂರಿಸಿಕೊಂಡು ಮಾತನಾಡಿಸಿ, ಮೆಲ್ಲಗೆ ಬಗ್ಗಿಸಿ, ಮತ್ತೆ ಗದ್ದೆಗಿಳಿಯುವ ಧೈರ್ಯ ತುಂಬಲು ತರಬೇತಾದ ಫಿಸಿಯೋಥೆರಪಿಸ್ಟ್ ಬೇಕು. ಅಂಥವರು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದರೆ ಸಿಗುವಂತಿದ್ದರೆ ಸಾಲದು. ಹೋಬಳಿಯಲ್ಲೇ, ವಾರಕ್ಕೊಂದು ದಿನವಾದರೂ, ಸಂಬಳದ ಹುದ್ದೆಯಲ್ಲಿ ಕೂರಬೇಕು.